ಪರದೇಶದ ಸಿಹಿ ತರುವಾಗ: ಯಾವುದು ದಾರಿ ತಾಳುತ್ತದೆ, ಯಾವುದು ತಾಳಲ್ಲ?

ಹೊರಟವಳು
ಲಿಸ್ಬನ್ ನಾಲ್ಕು ದಿನ, ವಿಯೆನ್ನಾ ಮೂರು, ಇಸ್ತಾಂಬುಲ್ ಮೂರು. ವಾಪಸ್ಸು ದುಬೈ ಮೂಲಕ. ಇಪ್ಪತ್ತು ಜನರಿಗೆ ಹಂಚುವಂಥದ್ದು ಒಂದು, ಮನೆಯ ಹಿರಿಯರಿಗೆ ಚೆನ್ನಾಗಿರೋದು ಒಂದೆರಡು ಬೇಕು. ಮೂರು ಪ್ರಶ್ನೆ: ಯಾವ ಊರಲ್ಲಿ ಏನು ಕೊಳ್ಳಬೇಕು? ಲಿಸ್ಬನ್ನಿನ ಪಾಸ್ಟೆಲ್ ದೆ ನಾಟಾ (ಕಸ್ಟರ್ಡ್ ತುಂಬಿದ ಪುಟ್ಟ ಪದರದ ತಿಂಡಿ) ಹತ್ತು ದಿನ ಉಳಿಯುತ್ತಾ? ಕ್ಯಾಬಿನ್ ಬ್ಯಾಗೋ, ಚೆಕ್‌-ಇನ್ನೋ?

ಪಾಕದ_ಎಳೆ
ನಾಟಾ ಹತ್ತು ದಿನ ಇರಲಿ, ಎರಡನೇ ದಿನವೂ ಬೇಡ. ಯಾಕೆ ಅಂತ ತಿಳಿದರೆ ಉಳಿದ ಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು.

ಸಿಹಿ ಎಷ್ಟು ದಿನ ತಾಳುತ್ತದೆ ಅನ್ನೋದನ್ನು ನಿರ್ಧರಿಸುವುದು ಅದರಲ್ಲಿ ಬಿಡುವಾಗಿ ಉಳಿದಿರುವ ನೀರು. ಸಕ್ಕರೆ, ಜೇನು ನೀರನ್ನು ಹಿಡಿದಿಟ್ಟುಕೊಂಡರೆ ಸೂಕ್ಷ್ಮಜೀವಿಗಳಿಗೆ ಅದು ಸಿಗುವುದಿಲ್ಲ. ಇದನ್ನು 0ಯಿಂದ 1ರ ಅಳತೆಯಲ್ಲಿ ಹೇಳುತ್ತಾರೆ, ಶುದ್ಧ ನೀರು 1. ಅಳತೆ 0.85ಕ್ಕಿಂತ ಕೆಳಗಿಳಿದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳ ಆಟ ನಡೆಯಲ್ಲ, 0.60ಕ್ಕಿಂತ ಕೆಳಗೆ ಬೂಷ್ಟು ಕೂಡ ಹಿಡಿಯಲ್ಲ. ಹಾಗಾಗಿಯೇ ಮುಟ್ಟಿದರೆ ಮೆತ್ತಗಿರುವ ಮಾರ್ಜಿಪಾನ್ (ಬಾದಾಮಿ, ಸಕ್ಕರೆಯ ಮುದ್ದೆ) ತಿಂಗಳುಗಟ್ಟಲೆ ಇರುತ್ತದೆ, ಅಷ್ಟೇ ಮೆತ್ತಗಿರುವ ಕಸ್ಟರ್ಡ್ ಸಂಜೆಗೆ ಹಳಸುತ್ತದೆ. ಕೈಗೆ ಒಂದೇ ಥರ, ಒಳಗೆ ಬೇರೆ.

ಅಂಗಡಿಯಲ್ಲಿ ಅಳತೆ ಮಾಡೋಕಾಗಲ್ಲ, ಹೂರಣ ನೋಡಿ. ಕೆನೆ, ಕಸ್ಟರ್ಡ್, ರಿಕೋಟಾದಂಥ ಹಸಿ ಗಿಣ್ಣು ಇದ್ದರೆ ಅಲ್ಲೇ ತಿಂದು ಮುಗಿಸಿ. ಬೀಜ ಮತ್ತು ಸಕ್ಕರೆ, ಬೀಜ ಮತ್ತು ಜೇನು, ಗಟ್ಟಿ ಪಾಕ, ಒಣ ಬಿಸ್ಕತ್ತು ಆದರೆ ಹೊತ್ತು ತನ್ನಿ. ಒಣಹಣ್ಣಿನ ಕೇಕು ಎರಡರ ನಡುವೆ ಬರುತ್ತದೆ, ಆದರೂ ಪೆಟ್ಟಿಗೆಗೆ ಸೇರಬಹುದು.

ಬೆಣ್ಣೆಕಾಗದ
ನಾಟಾಕ್ಕೆ ಇನ್ನೊಂದು ಕಷ್ಟ ಇದೆ, ಹಳಸುವುದಕ್ಕೂ ಮೊದಲೇ ಬರುವಂಥದ್ದು. ಕಣಕದ ಪದರಗಳು ಅತಿ ಜೋರು ಶಾಖದ ಒಲೆಯಲ್ಲಿ ಗರಿಯಾಗಿರುತ್ತವೆ, ಒಳಗೆ ಒದ್ದೆ ಕಸ್ಟರ್ಡ್. ಒಲೆಯಿಂದ ಇಳಿದ ಕ್ಷಣದಿಂದ ನೀರು ಒಳಗಿನಿಂದ ಪದರಕ್ಕೆ ನಡೆಯಲು ಶುರು. ಕೆಲವೇ ಗಂಟೆಗಳಲ್ಲಿ ತಳ ಚರ್ಮದ ಹಾಗಾಗುತ್ತದೆ. ಹೊರಡುವ ಬೆಳಿಗ್ಗೆ ಕೊಂಡು ಅದೇ ಸಂಜೆ ತಿನ್ನುವುದಾದರೆ ಮಾತ್ರ ಆರರ ಉದ್ದ ಕೊಳವೆ ಡಬ್ಬಿ ತಗೊಳ್ಳಿ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿಸಿಕೊಳ್ಳಬೇಡಿ. ಆವಿ ಮುಚ್ಚಳಕ್ಕೆ ಬಡಿದು ಹನಿಯಾಗಿ ಮೇಲೇ ಬೀಳುತ್ತೆ. ಮತ್ತೆ ಬಿಸಿ ಮಾಡೋದು ಒವನ್ನಿನಲ್ಲಿ, 190 ಡಿಗ್ರಿ, ಐದಾರು ನಿಮಿಷ. ಮೈಕ್ರೋವೇವ್ ಅಂತೂ ಬೇಡವೇ ಬೇಡ, ಪದರ ರಬ್ಬರಾಗುತ್ತೆ.

ಲಿಸ್ಬನ್ನಿನಿಂದ ತರಬೇಕು ಅಂತಲೇ ಇದ್ದರೆ ಎರಡು ಆಯ್ಕೆ. ಮಡೈರಾ ದ್ವೀಪದ ಬೋಲೋ ದೆ ಮೆಲ್, ಲಿಸ್ಬನ್ನಿನಲ್ಲೂ ಸಿಗುತ್ತದೆ. ಹೆಸರಲ್ಲಿ ಜೇನಿದ್ದರೂ ಬಳಸುವುದು ಕಬ್ಬಿನ ಕಾಕಂಬಿ. ಕಪ್ಪು, ಮಸಾಲೆ ಘಮದ ದಟ್ಟ ಕೇಕು, ತಿಂಗಳುಗಟ್ಟಲೆ ಇರುತ್ತದೆ. ಚಾಕು ಹಾಕದೆ ಕೈಯಲ್ಲಿ ಮುರಿಯುವುದು ಅಲ್ಲಿಯ ರೂಢಿ. ಎರಡನೆಯದು ಅವೆಯ್ರೂ ಊರಿನ ಓವುಸ್ ಮೋಲೆಸ್. ಮೊಟ್ಟೆಯ ಹಳದಿ ಮತ್ತು ಸಕ್ಕರೆ ಪಾಕದ ಹೂರಣ, ಸುತ್ತ ಮೀನು, ಚಿಪ್ಪಿನ ಆಕಾರದ ತೆಳು ಹೊದಿಕೆ. ಹಳದಿ ಅಂದ ತಕ್ಷಣ ಹೆದರಬೇಕಿಲ್ಲ, ಪಾಕ ಅಷ್ಟು ದಟ್ಟ. ಆದರೆ ಎರಡು ವಾರದ ಆಸುಪಾಸಿನ ಸರಕು, ಹೊದಿಕೆ ಬಲು ಸೂಕ್ಷ್ಮ. ನಿಮ್ಮ ದಾರಿಯಲ್ಲಿ ಲಿಸ್ಬನ್ ಮೊದಲನೆಯದು, ಇನ್ನೂ ಆರು ದಿನ ತಿರುಗಾಟ ಬಾಕಿ. ನಾನಾದರೆ ಬೋಲೋ ಮಾತ್ರ ಅಂತೀನಿ.

ಏಲಕ್ಕಿಸಿಪ್ಪೆ
ಬೋಲೋ ದೆ ಮೆಲ್ ಸಸ್ಯಾಹಾರಿಗಳಿಗೆ ಕೊಡುವ ಮುಂಚೆ ಲೇಬಲ್ ಓದಿ. ಹಳೆಯ ವಿಧಾನದಲ್ಲಿ ಹಂದಿಯ ಕೊಬ್ಬು ಬೀಳುತ್ತದೆ, ಪೋರ್ಚುಗೀಸಿನಲ್ಲಿ ‘ಬಾನ್ಯಾ’ ಅಂತ ಬರೆದಿರುತ್ತದೆ. ಬೆಣ್ಣೆ ಅಂದರೆ ‘ಮಾಂತೈಗಾ’. ಸ್ಪೇನಿನಲ್ಲಿ ಇದೇ ಎಡವಟ್ಟು ಇನ್ನೂ ಜಾಸ್ತಿ: ಅಲ್ಲಿ ‘ಮಾಂತೆಕಾ’ ಅಂದರೆ ಕೊಬ್ಬು, ಬೆಣ್ಣೆ ‘ಮಾಂತೆಕಿಯಾ’. ಎಸ್ತೇಪಾ ಊರಿನ ಮಾಂತೆಕಾದೋಸ್ ಬಿಸ್ಕತ್ತಿನ ಹೆಸರೇ ಕೊಬ್ಬಿನಿಂದ ಬಂದದ್ದು, ಮಯೋರ್ಕಾ ದ್ವೀಪದ ಸುರುಳಿ ಬನ್ನು ಎನ್ಸಾಯ್ಮಾದಾ ಕೂಡ ಹಾಗೆಯೇ. ಇದೇ ಕೊಬ್ಬಿಗೆ ಸಿಸಿಲಿಯ ಕನ್ನೋಲಿ ಎಂಬ ಕರಿದ ಕೊಳವೆಯ ಲೇಬಲ್ಲಿನಲ್ಲಿ ‘ಸ್ತ್ರುತ್ತೋ’, ಜರ್ಮನಿಯಲ್ಲಿ ‘ಶ್ಮಾಲ್ತ್ಸ್’ ಅಂತಿರುತ್ತದೆ. ಬಣ್ಣದ ಮಿಠಾಯಿಯಲ್ಲಿ ಇ120 ಇದ್ದರೆ ಅದು ಕೀಟದಿಂದ ತೆಗೆದ ಕೆಂಪು. ಟರ್ಕಿಯ ಲೋಕುಮ್ (ಟರ್ಕಿಶ್ ಡಿಲೈಟ್ ಅನ್ನುವ ಮೆತ್ತನೆಯ ಮಿಠಾಯಿ) ಸಂಪ್ರದಾಯದಂತೆ ಪಿಷ್ಟದಿಂದ ಗಟ್ಟಿಯಾಗುವುದು, ಪ್ರಾಣಿಜನ್ಯ ಜೆಲಟಿನ್ ಬೇಕಿಲ್ಲ. ಬೇರೆ ದೇಶಗಳಲ್ಲಿ ಅದೇ ಹೆಸರಲ್ಲಿ ಮಾರುವ ಅಗ್ಗದ ಸರಕಿಗೆ ಮಾತ್ರ ಈ ಮಾತು ಅನ್ವಯಿಸಬೇಕಿಲ್ಲ.

ಕೆಂಪುಡಬ್ಬಿ
ವಿಯೆನ್ನಾ ಸುಲಭ. ಝಾಹರ್ ತೋರ್ಟೆ (1832ರಿಂದ ಇದೆ ಎನ್ನುವ ಕೇಕು) ಪ್ರಯಾಣಕ್ಕೇ ಹೇಳಿ ಮಾಡಿಸಿದ ಹಾಗಿದೆ. ಕೆನೆ ಇಲ್ಲ, ಏಪ್ರಿಕಾಟ್ ಜಾಮಿನ ಪದರ ತೇವ ಹಿಡಿದಿಡುತ್ತದೆ, ಮೇಲೆ ಸಕ್ಕರೆ ಪಾಕದೊಂದಿಗೆ ಕುದಿಸಿದ ಚಾಕೊಲೇಟಿನ ಗಟ್ಟಿ ಹೊದಿಕೆ. ಕೆನೆಯನ್ನು ತಟ್ಟೆಯಲ್ಲಿ ಪಕ್ಕಕ್ಕೆ ಬಡಿಸುತ್ತಾರೆ, ಹಾಗಾಗಿ ಪೆಟ್ಟಿಗೆಗೆ ಅದರ ತಂಟೆ ಇಲ್ಲ. ಮೂಲದ್ದು ಮರದ ಪೆಟ್ಟಿಗೆಯಲ್ಲಿ ಬರುತ್ತೆ. ಫ್ರಿಜ್ಜಿಗೆ ಹಾಕಿದರೆ ಹೊದಿಕೆ ಬೆವರಿ ಹೊಳಪು ಹೋಗುತ್ತೆ. ದೊಡ್ಡದನ್ನು ಹೊರಬೇಡಿ, ಚಿಕ್ಕ ಗಾತ್ರದ್ದೇ ಹಿರಿಯರಿಗೆ ಸಾಕು.

ಇಪ್ಪತ್ತು ಜನಕ್ಕೆ ಮೋಟ್ಸಾರ್ಟ್‌ಕೂಗೆಲ್. ಮಾರ್ಜಿಪಾನ್ ತುಂಬಿದ ಚಾಕೊಲೇಟ್ ಉಂಡೆಗಳು, ಒಂದೊಂದೂ ಬಿಡಿ ಬಿಡಿ ಸುತ್ತಿರುತ್ತೆ, ಎಣಿಸಿ ಹಂಚಬಹುದು. ನೀಲಿ-ಬೆಳ್ಳಿ ಕಾಗದದ್ದು ಝಾಲ್ಸ್‌ಬುರ್ಗಿನಲ್ಲಿ ಕೈಯಲ್ಲಿ ಮಾಡುವ ಮೂಲ ತಯಾರಿ, 1890ರದ್ದು. ಬಂಗಾರ-ಕೆಂಪು ಕಾಗದದ್ದು ಕಾರ್ಖಾನೆಯದು. ಎರಡೂ ತಿನ್ನೋಕೆ ಚೆನ್ನಾಗಿವೆ, ಬೆಲೆಯ ವ್ಯತ್ಯಾಸ ಯಾಕೆ ಅಂತ ಗೊತ್ತಿದ್ದರಾಯಿತು.

ಹೊರಟವಳು
ವಿಯೆನ್ನಾದಲ್ಲಿ ಗಸಗಸೆ ಸ್ಟ್ರೂಡೆಲ್ (ಹೂರಣ ಸುತ್ತಿದ ಸುರುಳಿ ತಿಂಡಿ) ಚೆನ್ನಾಗಿರುತ್ತೆ ಅಂತ ಕೇಳಿದೀನಿ. ಅದು ಎಷ್ಟು ದಿನ?

ಮೂರನೇಗೇಟು
ಎಷ್ಟು ದಿನ ಅನ್ನೋದು ಆಮೇಲೆ. ನೀವು ದುಬೈ ಮೂಲಕ ಬರ್ತಾ ಇದೀರಿ. ಗಸಗಸೆ ಯುಎಇಯಲ್ಲಿ ನಿಷಿದ್ಧ, ಮಾದಕ ವಸ್ತುವಿನ ಕಾನೂನಿನಡಿ. ಸಿಂಗಪುರದಲ್ಲೂ ನಿಷಿದ್ಧ. ಮೇಲೆ ಉದುರಿಸಿದ ಬ್ರೆಡ್ಡೂ ಬೇಡ, ಹೂರಣ ತುಂಬಿದ ಸ್ಟ್ರೂಡೆಲ್ಲೂ ಬೇಡ. ಸೂಟ್‌ಕೇಸ್ ನೇರ ಹೋಗುತ್ತೆ ಅನ್ನೋ ಲೆಕ್ಕಾಚಾರವೂ ಬೇಡ. ವಿಮಾನ ತಪ್ಪಿ ಒಂದು ರಾತ್ರಿ ಅಲ್ಲೇ ಇಳಿಯಬೇಕಾಗಿ ಬಂದರೆ ಆ ಸೂಟ್‌ಕೇಸ್ ನಿಮ್ಮ ಕೈಯಲ್ಲಿರುತ್ತೆ. ಅಲ್ಲೇ ಕಾಫಿ ಜೊತೆ ತಿಂದು ಬನ್ನಿ.

ಇಳಿಯುವ ದೇಶದ ನಿಯಮವನ್ನು ಪ್ರತಿ ಸಲ ಆ ದೇಶದ ಸರ್ಕಾರಿ ಪುಟದಲ್ಲಿ ನೋಡಬೇಕು. ನಾಲ್ಕು ಮಾತು ಮಾತ್ರ:
– ನ್ಯೂಜಿಲೆಂಡಿನಲ್ಲಿ ಆಹಾರ ಇದ್ದೂ ಇಳಿಯುವಾಗ ತುಂಬುವ ಫಾರ್ಮಿನಲ್ಲಿ ಬರೆಯದಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಬರೆದರೆ ದಂಡ ಇಲ್ಲ, ಹೆಚ್ಚೆಂದರೆ ತಿಂಡಿ ಹೋಗುತ್ತೆ. ಆಸ್ಟ್ರೇಲಿಯಾ, ಅಮೆರಿಕಕ್ಕೂ ಬುದ್ಧಿ ಇದೇ: ಬಿಸ್ಕತ್ತೇ ಆಗಲಿ, ‘ಹೌದು’ ಅಂತ ಗುರುತು ಹಾಕಿ.
– ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹೋಗುವಾಗ ಮಾಂಸ, ಹಾಲು, ಗಿಣ್ಣು ಸಾಮಾನ್ಯವಾಗಿ ಬಿಡಲ್ಲ. ಮಾಂಸ ತುಂಬದ ಕೇಕು, ಬಿಸ್ಕತ್ತು, ಚಾಕೊಲೇಟಿಗೆ ವಿನಾಯಿತಿ ಇದೆ.
– ಚೀನೀ ಹಬ್ಬದ ಮೂನ್‌ಕೇಕಿನ ಒಳಗೆ ಉಪ್ಪುಹಾಕಿದ ಮೊಟ್ಟೆ ಹಳದಿಯೋ ಮಾಂಸವೋ ಇದ್ದರೆ ಹಲವು ಕಡೆ ತಡೆಯುತ್ತಾರೆ. ಪದಾರ್ಥಗಳ ಪಟ್ಟಿ ಇಂಗ್ಲಿಷಿನಲ್ಲಿರುವ ಮೂಲ ಡಬ್ಬಿ ಬಿಚ್ಚದೆ ಇಡಿ.
– ರಮ್ಮು, ಬ್ರಾಂದಿ ತುಂಬಿದ ಚಾಕೊಲೇಟು, ಕೇಕು ಸೌದಿ ಕಡೆಗೆ ಬೇಡ.

ತೂಕದಕಲ್ಲು
ಇಸ್ತಾಂಬುಲ್ ಕೊನೆಗೆ ಬಂದಿರೋದು ನಿಮ್ಮ ಅದೃಷ್ಟ. ದೊಡ್ಡ ಖರೀದಿ ಅಲ್ಲೇ ಇಟ್ಟುಕೊಳ್ಳಿ, ಹೊರಡುವ ಹಿಂದಿನ ದಿನ. ಬಕ್ಲಾವಾ (ತೆಳು ಪದರಗಳ ನಡುವೆ ಬೀಜ ತುಂಬಿ ಪಾಕ ಹಾಕಿದ ಸಿಹಿ) ಕೊಳ್ಳುವಾಗ ನೋಡಬೇಕಾದದ್ದು ಹೀಗೆ.

ಮೊದಲು ತಟ್ಟೆಯ ಮೂಲೆ ನೋಡಿ. ಪಾಕ ಅಲ್ಲಿ ಕೆರೆಯಾಗಿ ನಿಂತಿದ್ದರೆ ಮುಂದಿನ ಅಂಗಡಿಗೆ ಹೋಗಿ. ಒಳ್ಳೆಯ ತುಂಡಿನಲ್ಲಿ ಪಾಕ ಕೆಳಗಿನ ಅರ್ಧದಲ್ಲಿ ಹೀರಿಕೊಂಡಿರುತ್ತೆ, ಮೇಲಿನ ಪದರ ಒಣಗಿ ಎದ್ದಿರುತ್ತೆ. ಫೋರ್ಕ್ ಇಳಿಸಿದರೆ ತರಗೆಲೆ ತುಳಿದ ಸದ್ದು ಬರಬೇಕು. ಬಾಯಿಗಿಟ್ಟಾಗ ತುಪ್ಪದ ವಾಸನೆ ಮೊದಲು, ಸಿಹಿ ಆಮೇಲೆ. ನಾಲಿಗೆ ಮೇಲೆ ಮೇಣದ ಥರ ಪದರ ಉಳಿದರೆ ಅದು ಬೆಣ್ಣೆ ಅಲ್ಲ, ಮಾರ್ಗರೀನ್.

ಪಿಸ್ತಾ: ಬೇಗ ಕಿತ್ತ ಕಾಯಿಯದ್ದು ನಿಜಕ್ಕೂ ಗಾಢ ಹಸಿರು. ಆದರೆ ಆ ಹಸಿರಲ್ಲಿ ಅಲ್ಲಲ್ಲಿ ನೇರಳೆ ಸಿಪ್ಪೆಯ ಚೂರು, ತಿಳಿ ಹಳದಿ ಇರುತ್ತವೆ. ಗೋಡೆಗೆ ಬಳಿದ ಹಾಗೆ ಒಂದೇ ಹಸಿರಿದ್ದರೆ ಬಣ್ಣ ಹಾಕಿದ ಬಟಾಣಿಯೋ ಕಡಲೆಕಾಯಿಯೋ ಸೇರಿರಬಹುದು.

ತೂಕ: ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಖಾಲಿ ಡಬ್ಬಿಯ ತೂಕ ಕಳೆಯಬೇಕು, ಅದಕ್ಕೆ ಅಲ್ಲಿ ‘ದಾರಾ’ ಅನ್ನುತ್ತಾರೆ. ಡಬ್ಬಿ ತಕ್ಕಡಿ ಮೇಲಿಟ್ಟಾಗ ಸೊನ್ನೆ ಬಂತಾ ಅಂತ ನೋಡಿ, ಆಮೇಲೆ ತುಂಬಿಸಿ. ದಪ್ಪ ರಟ್ಟಿನ ಡಬ್ಬಿಯ ತೂಕಕ್ಕೆ ಪಿಸ್ತಾದ ಬೆಲೆ ಕೊಡುವುದು ಯಾಕೆ? ಒಂದು ಕಿಲೋಗೆ ಎಷ್ಟು ತುಂಡು ಬರುತ್ತೆ ಅಂತಲೂ ಕೇಳಿ, ಇಪ್ಪತ್ತು ಜನರ ಲೆಕ್ಕ ಆಗಲೇ ಸಿಗುತ್ತೆ.

ಪಾಕದ_ಎಳೆ
ತೂಕದಕಲ್ಲು ಅವರ ಮಾತಿಗೆ ಒಂದು ಸೇರಿಸುವುದು: ‘ಕುರು ಬಕ್ಲಾವಾ’ ಅಂತ ಕೇಳಿ. ಕುರು ಅಂದರೆ ಒಣಗಿದ್ದು. ಪಾಕ ಕಡಿಮೆ, ದೂರದ ದಾರಿಗೇ ಮಾಡುವಂಥದ್ದು, ಮಾಮೂಲಿಗಿಂತ ಹೆಚ್ಚು ದಿನ ತಾಳುತ್ತದೆ. ‘ಸೋವುಕ್ ಬಕ್ಲಾವಾ’, ‘ಸುತ್ಲು ನೂರಿಯೆ’ ಎರಡರಲ್ಲೂ ಹಾಲು ಸೇರುತ್ತೆ. ಬಾಯಲ್ಲಿ ಸೊಗಸು, ಚೀಲದಲ್ಲಿ ಅನಾಹುತ. ಡಬ್ಬಿಯ ಮೇಲೆ ‘ಆಂತೆಪ್ ಬಕ್ಲಾವಾಸಿ’ ಅಂತಿದ್ದರೆ ಅದು ಗಾಜಿಯಾಂತೆಪ್ ಊರಿನ ಹೆಸರು. 2013ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿತು, ಟರ್ಕಿಯ ಉತ್ಪನ್ನಗಳಲ್ಲಿ ಮೊದಲನೆಯದು.

ಕೆಂಪುಡಬ್ಬಿ
ಮನೆಗೆ ಬಂದ ಮೇಲೆ ಬಕ್ಲಾವಾ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಹೆಚ್ಚು ದಿನ ಬರುತ್ತಲ್ವಾ?

ಪಾಕದ_ಎಳೆ
ಬರುತ್ತೆ, ತಿನ್ನೋ ಹಾಗಿರಲ್ಲ. ಫ್ರಿಜ್ಜಿನಲ್ಲಿ ತುಪ್ಪ ಹೆಪ್ಪುಗಟ್ಟುತ್ತೆ, ಪಾಕ ಸಕ್ಕರೆ ಹರಳಾಗಿ ಕರಕರ ಅನ್ನುತ್ತೆ, ಪದರಕ್ಕೆ ತೇವ ಹಿಡಿಯುತ್ತೆ. ಹಾಲಿಲ್ಲದ ಬಕ್ಲಾವಾ ಹೊರಗೇ, ತಂಪಾದ ಕಪಾಟಿನಲ್ಲಿ, ಒಂದೆರಡು ವಾರ. ಮುಚ್ಚಳ ತೀರಾ ಬಿಗಿ ಬೇಡ. ಅದಕ್ಕಿಂತ ಹೆಚ್ಚು ದಿನ ಬೇಕಿದ್ದರೆ ಫ್ರೀಜರ್, ಗಾಳಿಯಾಡದ ಡಬ್ಬಿಯಲ್ಲಿ. ಆಮೇಲೆ ಮುಚ್ಚಳ ತೆಗೆಯದೆ ಹೊರಗಿಟ್ಟು ಪೂರ್ತಿ ಕರಗಲು ಬಿಡಿ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಮೇಲೆ ಕೂರುತ್ತೆ.

ಮೆತ್ತನೆಯ ಅಕ್ಕಿಹಿಟ್ಟಿನ ಸಿಹಿಗಳಿಗೂ ಫ್ರಿಜ್ ಶತ್ರು. ಬೆಂದ ಪಿಷ್ಟ ಮತ್ತೆ ಗಟ್ಟಿಯಾಗುವುದು ಫ್ರಿಜ್ಜಿನ ತಂಪಿನಲ್ಲೇ ಅತಿ ವೇಗವಾಗಿ.

ಮೂರನೇಗೇಟು
ಜಪಾನಿಗೆ ಹೋಗುವವರೂ ಇಲ್ಲಿ ಓದ್ತಿರಬಹುದು, ಆ ವಿಷಯ ಹೇಳಿಬಿಡ್ತೀನಿ. ಅಲ್ಲಿ ಸಿಹಿಯನ್ನು ತೇವದ ಮೇಲೇ ವಿಂಗಡಿಸುತ್ತಾರೆ: ಶೇ. 30ಕ್ಕಿಂತ ಹೆಚ್ಚಿದ್ದರೆ ನಾಮಗಾಶಿ, 10ರಿಂದ 30 ಇದ್ದರೆ ಹಾನ್-ನಾಮಗಾಶಿ, 10ಕ್ಕಿಂತ ಕಡಿಮೆ ಆದರೆ ಹಿಗಾಶಿ. ದಾರಿಗೆ ಹಿಗಾಶಿ ನಿಶ್ಚಿಂತೆ. ಕ್ಯೋಟೋದ ಅಕ್ಕಿಹಿಟ್ಟಿನ ಸಿಹಿ ಯತ್ಸುಹಾಶಿಯಲ್ಲಿ ಸುಟ್ಟದ್ದು ವಾರಗಟ್ಟಲೆ ಇರುತ್ತೆ, ‘ನಾಮ’ ಅಂದರೆ ಹಸಿಯದು ಕೆಲವೇ ದಿನ. ಯೋಕಾನ್ (ಕಾಳಿನ ಮುದ್ದೆಯ ಜೆಲ್ಲಿ) ಮಾತ್ರ ಲೆಕ್ಕ ತಪ್ಪಿಸುತ್ತೆ: ತೇವ ಇದ್ದರೂ ಸಕ್ಕರೆ ಹೆಚ್ಚು, ಬಿಗಿಯಾಗಿ ಮುಚ್ಚಿರುತ್ತೆ, ತಿಂಗಳುಗಟ್ಟಲೆ ಇರುತ್ತೆ.

ದಿನಾಂಕದಲ್ಲಿ ಎರಡು ಬಗೆ. ‘ಶೋಮಿ ಕಿಗೆನ್’ ರುಚಿಯ ಗಡುವು, ಎರಡು ದಿನ ದಾಟಿದರೆ ಪ್ರಾಣ ಹೋಗಲ್ಲ. ‘ಶೋಹಿ ಕಿಗೆನ್’ ದಾಟಿದರೆ ಎಸೆಯಬೇಕು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಓದಿ. ಜರ್ಮನ್ ಡಬ್ಬಿಗಳಲ್ಲೂ ಹೀಗೇ: ‘ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್ ಬಿಸ್’ ರುಚಿಗೆ, ‘ತ್ಸು ಫೆರ್‌ಬ್ರಾಉಖೆನ್ ಬಿಸ್’ ಸುರಕ್ಷತೆಗೆ. ಡಬ್ಬಿಯೊಳಗಿನ ಪುಟ್ಟ ಪೊಟ್ಟಣ ಆಮ್ಲಜನಕ ಹೀರುವಂಥದ್ದಾಗಿದ್ದರೆ, ಬಿಚ್ಚಿದ ಮೇಲೆ ಹೊರಗಿನ ದಿನಾಂಕಕ್ಕೆ ಬೆಲೆ ಇಲ್ಲ. ಹಾಗಾಗಿ ಊರಿಗೆ ಬರುವ ಮೊದಲು ‘ಒಂದು ರುಚಿ ನೋಡೋಣ’ ಬೇಡ. ರುಚಿಗೆ ಬೇರೆ ಪೊಟ್ಟಣ ಕೊಳ್ಳಿ.

ತೂಕದಕಲ್ಲು
ಹೊರಡುವ ದಾರಿಯಲ್ಲಿ ಜರ್ಮನಿ, ಸ್ಪೇನ್ ಬಂದರೆ ಲೇಬಲ್ಲಿನ ಅಂಕಿಯೇ ಗುಣಮಟ್ಟ ಹೇಳುತ್ತೆ. ‘ಎಲೀಸೆನ್‌ಲೇಬ್‌ಕೂಖೆನ್’ (ಜರ್ಮನಿಯ ಮಸಾಲೆ ಬಿಸ್ಕತ್ತು ಲೇಬ್‌ಕೂಖೆನ್ನಿನ ಮೇಲ್ದರ್ಜೆ) ಅಂತ ಬರೆಯಬೇಕಾದರೆ ಬೀಜಗಳು ಕನಿಷ್ಠ ಶೇ. 25, ಹಿಟ್ಟು ಹೆಚ್ಚೆಂದರೆ ಶೇ. 10. ಬರೀ ‘ಲೇಬ್‌ಕೂಖೆನ್’ ಅಂತಿದ್ದರೆ ಆ ಭರವಸೆ ಇಲ್ಲ. ‘ಪೆರ್ಸಿಪಾನ್’ ಅಂತ ಕಂಡರೆ ಅದು ಮಾರ್ಜಿಪಾನ್ ಅಲ್ಲ, ಬಾದಾಮಿ ಬದಲು ಏಪ್ರಿಕಾಟೋ ಪೀಚೋ ಬೀಜದ ತಿರುಳು. ಸ್ಪೇನಿನ ತುರ್ರೋನ್ (ಬಾದಾಮಿ, ಜೇನಿನ ಸಿಹಿ) ‘ಸುಪ್ರೆಮಾ’ ದರ್ಜೆಯಲ್ಲಿ ಅಲಿಕಾಂತೆಯ ಗಟ್ಟಿ ಬಗೆಗೆ ಕನಿಷ್ಠ ಶೇ. 60 ಬಾದಾಮಿ, ಹಿಹೋನಾದ ಮೆತ್ತನೆಯದಕ್ಕೆ ಶೇ. 64. ಮೆತ್ತನೆಯದರಿಂದ ಎಣ್ಣೆ ಜಿನುಗಿದರೆ ಕೆಟ್ಟಿದೆ ಅಂತಲ್ಲ, ಬಾದಾಮಿಯ ಎಣ್ಣೆಯೇ. ಸೂಟ್‌ಕೇಸಿನಲ್ಲಿ ಮಾತ್ರ ಇನ್ನೊಂದು ಕವರಿನೊಳಗೆ ಇಡಿ.

ಬೆಣ್ಣೆಕಾಗದ
ಈಗ ಕಟ್ಟುವ ವಿಷಯ. ಸಿಹಿ ಒಡೆಯುವುದು ಹೊರಗಿನ ಪೆಟ್ಟಿಗಿಂತ ಹೆಚ್ಚಾಗಿ ಡಬ್ಬಿಯೊಳಗಿನ ಕುಲುಕಾಟದಿಂದ. ತಗಡಿನ ಡಬ್ಬಿಯಾದರೆ ಮುಚ್ಚಳ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿ. ಸದ್ದು ಬಂದರೆ ಜಾಗ ಖಾಲಿ ಇದೆ. ಬೆಣ್ಣೆಕಾಗದವನ್ನು ಉಂಡೆ ಮಾಡಿ, ಸ್ವಲ್ಪ ಬಿಡಿಸಿ, ಮೇಲ್ಭಾಗದಲ್ಲಿ ತುಂಬಿ. ಮುಚ್ಚಳ ಮೃದುವಾಗಿ ಒತ್ತಿಕೊಂಡು ಕೂರಬೇಕು, ಸದ್ದು ನಿಲ್ಲಬೇಕು. ಪದರ ಪದರದ ನಡುವೆ ಒಂದು ಹಾಳೆ. ಮುಚ್ಚಳದ ಸಂದಿಗೆ ಅಡುಗೆ ಪ್ಲಾಸ್ಟಿಕ್ ಹಾಳೆ ಎರಡು ಸುತ್ತು, ಮೇಲೊಂದು ಜಿಪ್ ಕವರ್. ಬಕ್ಲಾವಾ ಡಬ್ಬಿ ಯಾವಾಗಲೂ ಅಂಗಾತ. ನಿಲ್ಲಿಸಿದರೆ ಪಾಕ ಒಂದು ಬದಿಗೆ ಇಳಿದು ಆ ಸಾಲು ಒದ್ದೆಯಾಗುತ್ತೆ, ಇನ್ನೊಂದು ಬದಿ ಒಣಗುತ್ತೆ.

ವ್ಯಾಕ್ಯೂಮ್ ಪ್ಯಾಕ್ ಮಾಡಿಕೊಡಲಾ ಅಂತ ಅಂಗಡಿಯವರು ಕೇಳುತ್ತಾರೆ. ಬಿಡಿ ತುಂಡುಗಳಿಗೆ ಬೇಡ ಅನ್ನಿ, ಗಾಳಿ ಎಳೆದಾಗ ಪದರ ಅಪ್ಪಚ್ಚಿ.

ತೂಕದಕಲ್ಲು
ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ಗಟ್ಟಿ ಡಬ್ಬಿಯೊಳಗೆ ಒತ್ತೊತ್ತಾಗಿ ಜೋಡಿಸಿ ಡಬ್ಬಿ ಸಮೇತ ವ್ಯಾಕ್ಯೂಮ್ ಮಾಡಿದರೆ ಒತ್ತಡ ಡಬ್ಬಿಯ ಮೇಲೆ ಬೀಳುತ್ತೆ, ಪಾಕವೂ ಸೋರಲ್ಲ. ತೆಳು ರಟ್ಟಿನ ಡಬ್ಬಿಗೆ ನಿಮ್ಮ ಮಾತು ಸರಿ.

ಬೆಣ್ಣೆಕಾಗದ
ಒಪ್ಪಿದೆ, ಡಬ್ಬಿ ನಿಜಕ್ಕೂ ಗಟ್ಟಿ ಇದ್ದರೆ.

ಮೂರನೇಗೇಟು
ಕ್ಯಾಬಿನ್ನೋ ಚೆಕ್‌-ಇನ್ನೋ ಅಂತ ಕೇಳಿದ್ರಿ. ಒಡೆಯುವುದು, ಕರಗುವುದು ಕ್ಯಾಬಿನ್ನಿಗೆ. ಚಾಕೊಲೇಟು 30–34 ಡಿಗ್ರಿಯಲ್ಲಿ ಕರಗುತ್ತೆ, ಬಿಸಿಲಲ್ಲಿ ನಿಂತ ಸಾಮಾನು ಗಾಡಿಯಲ್ಲಿ ಅಷ್ಟು ಶಾಖ ಏರಲು ಹೊತ್ತು ಬೇಕಿಲ್ಲ. ಜಾಮ್, ಜೇನು, ಬೀಜದ ಪೇಸ್ಟು, ಪಾಕದಲ್ಲಿ ಮುಳುಗಿದ ಹಣ್ಣು, ಇವೆಲ್ಲ ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೇ ಬರುತ್ತವೆ. 100 ಮಿ.ಲೀ. ಮೀರಿದರೆ ಚೆಕ್‌-ಇನ್ನಿಗೆ. ಬಕ್ಲಾವಾ, ಕೇಕು, ಲೋಕುಮ್ ಘನ. ಆದರೂ ತಟ್ಟೆಯಲ್ಲಿ ಪಾಕ ತುಳುಕುತ್ತಿದ್ದರೆ ಅಧಿಕಾರಿ ತಕರಾರು ಮಾಡಬಹುದು. ಮಾರ್ಜಿಪಾನ್, ಯೋಕಾನ್‌ನಂಥ ದಟ್ಟ ಗಟ್ಟಿಗಳನ್ನು ತೆರೆಸಿ ನೋಡುವುದುಂಟು, ಆದ್ದರಿಂದ ಉಡುಗೊರೆ ಕಾಗದ ಮನೆಗೆ ಬಂದು ಸುತ್ತಿ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡ ಜೇನಿನ ಸೀಲು ಚೀಲವನ್ನು ದುಬೈ ದಾಟುವವರೆಗೆ ಬಿಚ್ಚಬೇಡಿ, ಬಿಲ್ಲು ಒಳಗೇ ಇರಲಿ.

ಪೊಟ್ಟಣ ಆಕಾಶದಲ್ಲಿ ಬಲೂನಿನಂತೆ ಉಬ್ಬಿದರೆ ಗಾಬರಿ ಬೇಡ. ಕ್ಯಾಬಿನ್ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದಷ್ಟಕ್ಕೆ ಇಳಿದಿರುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ. ನೆಲಕ್ಕಿಳಿದ ಮೇಲೂ ಉಬ್ಬಿಯೇ ಇದ್ದರೆ ಮಾತ್ರ ತಿನ್ನಬೇಡಿ.

ಹೊರಟವಳು
ಬರೆದುಕೊಂಡೆ: ಲಿಸ್ಬನ್ನಿನಲ್ಲಿ ಬೋಲೋ ಒಂದು (ಬಾನ್ಯಾ ನೋಡಿ), ವಿಯೆನ್ನಾದಲ್ಲಿ ಚಿಕ್ಕ ಝಾಹರ್ ಮತ್ತು ಮೋಟ್ಸಾರ್ಟ್‌ಕೂಗೆಲ್ ಎರಡು ಡಬ್ಬಿ, ಇಸ್ತಾಂಬುಲ್ಲಿನಲ್ಲಿ ಕುರು ಬಕ್ಲಾವಾ ಒಂದು ಕಿಲೋ, ಲೋಕುಮ್ ಅರ್ಧ ಕಿಲೋ. ಲೋಕುಮ್ ಬಿಡಿ ಕೊಳ್ಳಲಾ, ಡಬ್ಬಿಯದ್ದಾ?

ಏಲಕ್ಕಿಸಿಪ್ಪೆ
ಬಿಡಿಯಲ್ಲಿ ಆರಿಸಿಕೊಳ್ಳುವ ಸುಖ ಇದೆ, ಆದರೆ ರುಚಿಗೆ ಕೊಟ್ಟ ತಟ್ಟೆಯಿಂದಲೇ ತುಂಬಿಸಿಕೊಳ್ಳಿ. ಬೆರಳಿಂದ ಒತ್ತಿ ಬಿಡಿ: ನಿಧಾನವಾಗಿ ಮತ್ತೆ ಮೇಲೇಳಬೇಕು. ಒತ್ತಿದ ಗುಳಿ ಹಾಗೇ ಉಳಿದರೆ ಸರಿಯಾಗಿ ಕುದಿಸಿಲ್ಲ, ಒತ್ತಲೇ ಬಾರದಷ್ಟು ಬಿಗಿ ಇದ್ದರೆ ಹಳೆಯದು. ಬಾಯಲ್ಲಿ ಹಿಟ್ಟು ಹಿಟ್ಟು ಅಂದರೆ ಪಿಷ್ಟ ಬೆಂದಿಲ್ಲ.

ಹೊರಟವಳು
ಮನೆಗೆ ಬರುವಷ್ಟರಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದರೆ?

ಏಲಕ್ಕಿಸಿಪ್ಪೆ
ಮೇಲಿನ ಪುಡಿ ತೇವ ಹೀರಿ ಕರಗಿರುತ್ತೆ, ಅಷ್ಟೇ. ಕಾರ್ನ್‌ಫ್ಲೋರ್ ಮತ್ತು ಪುಡಿ ಸಕ್ಕರೆ ಸಮಸಮ ಬೆರೆಸಿ, ಕೈಗೂ ಹಚ್ಚಿಕೊಂಡು ಒಂದೊಂದಾಗಿ ಬಿಡಿಸಿ ಹೊರಳಿಸಿ. ಒಂದು ಗಂಟೆ ತಟ್ಟೆಯಲ್ಲಿ ಹರಡಿ ಬಿಟ್ಟು ಆಮೇಲೆ ಡಬ್ಬಿಗೆ. ಗುಲಾಬಿ ಪರಿಮಳದ್ದನ್ನು ಪಿಸ್ತಾದ್ದರ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಮಾರನೇ ದಿನ ಎಲ್ಲವೂ ಗುಲಾಬಿ.